ನಾಲಿಗೆಗಿಟ್ಟ ಚೂರು

"ಬೇರೆ ಯಾವ ಚೂರನ್ನಾದರೂ ನೆಕ್ಕಿ ನೋಡು. ಇದೊಂದನ್ನ ಮುಟ್ಟಬೇಡ," ಎಂದರು ಸೋದರಮಾವ.

ಅವಳು ಕಿಸಕ್ಕನೆ ನಕ್ಕಳು. ಹಳೆಯ ಮಡಕೆಯ ಚೂರನ್ನು ನಾಲಿಗೆಗಿಟ್ಟು ಮಣ್ಣಿನ ಗುಣ ತಿಳಿಯುವುದು ಈ ಕೆಲಸದವರ ರೂಢಿ. ಕಲಿಸಿದವರೂ ಈ ಮಾವನೇ. ಮೂವತ್ತು ವರ್ಷದಿಂದ ಮ್ಯೂಸಿಯಮ್ಮಿನ ನೆಲಮಾಳಿಗೆಯಲ್ಲಿ ಒಡೆದದ್ದನ್ನು ಜೋಡಿಸುತ್ತ ಕೂತವರು.

"ಗ್ರೀಕರ ಗೋರಿಯಿಂದ ಬಂದದ್ದು ಕಣೇ. ಮಡಕೆ ಹೊಟ್ಟೆಗೆ ಮೊಳೆ ಹೊಡೆದಿದ್ದಾರೆ, ಒಳಗೆ ಕೋಳಿಮೂಳೆ. ಎದುರಾಳಿ ಕೋರ್ಟಲ್ಲಿ ಬಾಯಿ ಬಿಡಬಾರದು ಅಂತ ನಾಲಿಗೆ ಕಟ್ಟಿದ ಮಾಟ."

"ಎರಡೂವರೆ ಸಾವಿರ ವರ್ಷ ಆಯ್ತು ಮಾವ. ಕೇಸೇ ವಜಾ ಆಗಿರುತ್ತೆ!"

ಮಾವ ನಗಲಿಲ್ಲ. ಅಂಟು ತರಲು ಒಳಕೋಣೆಗೆ ಹೋದರು.

ಮೂರು ಗಂಟೆಗೆ ಮೇಲಿನ ಮಹಡಿಯಲ್ಲಿ ಅವಳ ಮೌಖಿಕ ಪರೀಕ್ಷೆ. ಗ್ರೀಕ್ ಶಿಲ್ಪ, ಮಡಕೆಗಳ ಬಗ್ಗೆ ಅರ್ಧ ಗಂಟೆ ಮಾತಾಡಬೇಕು. ಎಡವಿದರೆ ವರ್ಷವೇ ಹಾಳು. ಅವಳಿಗೆ ಮಾತಿಗೇನು ಬರ? ಮನೆಯಲ್ಲಿ ಅವಳನ್ನು ಕರೆಯುವುದೇ ರೇಡಿಯೋ ಎಂದು. ಟಿಪ್ಪಣಿಯೂ ಹಾಗೇ: "ಅಮೃತಶಿಲೆಯ ಹುಡುಗ ಎಡಗಾಲು ಮುಂದಿಟ್ಟಿದ್ದಾನೆ, ಭಾರ ಮಾತ್ರ ಎರಡೂ ಕಾಲಿನ ಮೇಲೆ. ಹೊರಡುವ ಮನಸ್ಸಿಲ್ಲ. ಹೂಜಿಯ ಮೇಲೆ ನಾಲ್ಕು ಕುದುರೆ, ಎಣಿಸಿದರೆ ಹದಿನೈದೇ ಕಾಲು. ಚಿತ್ರ ಬರೆದವನಿಗೂ ಅವಸರವಿತ್ತು."

ಈ ಚೂರಿನ ಮಣ್ಣಿನ ಗುಣವನ್ನೂ ಮಾತಿಗೆ ಸೇರಿಸಿದರೆ ಪರೀಕ್ಷಕರು ದಂಗಾಗುತ್ತಾರೆ. ಎತ್ತಿ ನಾಲಿಗೆಗಿಟ್ಟೇಬಿಟ್ಟಳು.

ತುಕ್ಕಿನ ರುಚಿ. ಮುಚ್ಚಿದ ಬಾವಿಯಂಥ ವಾಸನೆ. ಎಳೆದಳು. ಚೂರು ಬಿಟ್ಟು ಬರಲಿಲ್ಲ. ಮತ್ತೆ ಎಳೆದಳು. ರಕ್ತ. ದೀಪ ಆರಿತು. ಕತ್ತಲಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದರು. ಟಕ್. ಟಕ್. ಪ್ರತಿ ಏಟೂ ನಾಲಿಗೆಯ ಬುಡಕ್ಕೆ. ಮಾವಾ ಎಂದು ಕೂಗಿದಳು. ದನಿಯೇ ಇಲ್ಲ.

ಟಾರ್ಚಿನ ಬೆಳಕು ಬಿತ್ತು.

"ಅಯ್ಯೋ ಹುಚ್ಚುಮುಂಡೇದೇ! ಬಡ್ಕೊಂಡೆನಲ್ಲೇ!" ಮಾವ ಟಾರ್ಚನ್ನು ಚೂರಿನ ಮೇಲೆ ಹಿಡಿದರು. "ಇನ್ನೊಂದು ನಾಲಿಗೆ ಸಿಗೋವರೆಗೂ ಬಿಡಲ್ಲ ಅಂತ ಅದರ ಮೇಲೇ ಬರೆದಿದೆ."

ಅವಳ ಕಣ್ಣೀರನ್ನೊಮ್ಮೆ ನೋಡಿದರು. ಬಗ್ಗಿದರು. ಚೂರಿನ ಇನ್ನೊಂದು ಬದಿಗೆ ತಮ್ಮ ನಾಲಿಗೆ ಇಟ್ಟರು. ಚೂರು ಕೆಳಗೆ ಬಿತ್ತು.

"ಮಾವಾ!"

ಅವಳ ದನಿ ಬಂದಿತ್ತು. ಮಾವ ಬಾಯಾಡಿಸಿದರು, ಏನೂ ಕೇಳಿಸಲಿಲ್ಲ. ಮೇಲಿನಿಂದ ಅಟೆಂಡರ್ ಅವಳನ್ನು ಕೂಗಿದ. ಮಾವ ಬೆನ್ನು ತಟ್ಟಿ ಮೆಟ್ಟಿಲು ತೋರಿಸಿದರು. ಹೋದಳು ಪಾಪಿ, ಹೋಗಿ ಚೆನ್ನಾಗಿಯೇ ಮಾತಾಡಿದಳು. ಪರೀಕ್ಷಕರು ಭೇಷ್ ಎಂದರು.

ಇಳಿದು ಬಂದಾಗ ಮಾವನ ಫೋನು ಬಡಿದುಕೊಳ್ಳುತ್ತಿತ್ತು. ಅತ್ತೆಯದು. ಹತ್ತು ವರ್ಷದಿಂದ ಕಣ್ಣು ಕಾಣದ ಅತ್ತೆಗೆ ಗಂಡನೆಂದರೆ ಅವನ ದನಿ. ಮಾವ ಫೋನನ್ನು ಅವಳ ಕಡೆ ತಳ್ಳಿದರು. ಅವಳು ಎತ್ತಿ ಹಲೋ ಎಂದಳು.

"ನೀನಾ? ಆಗಿನಿಂದ ಎತ್ತುತ್ತಾರೆ, ಮಾತೇ ಆಡಲ್ಲ ಕಣೇ. ನಂಗೆ ಭಯ ಆಗ್ತಿದೆ. ಒಂದ್ಸಲ ಅವರಿಗೆ ಕೊಡು. ಹೂಂ ಅಂದ್ರೂ ಸಾಕು."