ಹಾಲು ಉಕ್ಕಿದ ಪಾಠ

ಪರೀಕ್ಷಾ ಕೊಠಡಿಯಿಂದ ಹೊರಬಂದ ಸಿಂಚನಾಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಡಿಗ್ರಿಯ ಕೊನೇ ಪರೀಕ್ಷೆಯಲ್ಲಿ ಶಿವರಾಮ ಬಾಯಲ್ಲಿ ಹೇಳಿದ ಉತ್ತರಗಳನ್ನು ಬರೆದುಕೊಡಲು ಬಂದಿದ್ದ ಪಿಯುಸಿ ಹುಡುಗಿ ಅವಳು.

"ಮೇಡಂ, ಭೂಕಂದಾಯದ ಬಗ್ಗೆ ಚಂದ ಹೇಳ್ತಾ ಇದ್ರು. ನಡುವೆ 'ಅಯ್ಯೋ, ಹಾಲು ಉಕ್ಕಿತು' ಅಂದ್ಬಿಟ್ರು! ನಾನು ಅದನ್ನೂ ಬರ್ದೆ. ಆಮೇಲೆ ಹೊಡೆದು ಹಾಕಿದ್ವಿ."

ಸಾಗರದ ಆ ಕಾಲೇಜಿನ ಲೈಬ್ರರಿಯನ್ ಪ್ರತಿಮಾಳ ಮುಖ ಕೆಂಪಾಯಿತು. ಉಕ್ಕಿದ್ದು ಅವಳ ಮನೆಯ ಹಾಲು.

ಶಿವರಾಮನದು ಹೊಸನಗರದ ಬಸ್‌ಸ್ಟ್ಯಾಂಡ್ ಹತ್ತಿರ ಟೈಲರ್ ಅಂಗಡಿ. ಪುಸ್ತಕ ತೆರೆದರೆ ಅಕ್ಷರಗಳು ಸಾಲು ತಪ್ಪಿದ ಇರುವೆಗಳಾಗುತ್ತಿದ್ದವು. ಶಾಲೆಯಲ್ಲಿ ದಡ್ಡ ಅನ್ನಿಸಿಕೊಂಡೇ ಹೇಗೋ ಪಿಯುಸಿ ದಾಟಿದ್ದವನು, ತಲೆ ನರೆಯತೊಡಗಿದ ಮೇಲೆ ಹಟ ಹಿಡಿದು ಬಿ.ಎ. ಕಟ್ಟಿದ. "ನಾನು ಓದಿ ಕಳಿಸ್ತೀನಿ, ಕೇಳಿಸ್ಕೊಳ್ಳಿ" ಎಂದವಳು ಪ್ರತಿಮಾ. ಅಂದಿನಿಂದ ಬೆಳಿಗ್ಗೆ ಒಲೆಯ ಪಕ್ಕ ಫೋನ್ ಇಟ್ಟು ಅವಳು ಪಾಠ ಓದಿ ರೆಕಾರ್ಡ್ ಮಾಡಿ ಕಳಿಸುವುದು, ಹೊಲಿಗೆ ಮೆಷಿನ್ ತುಳಿಯುತ್ತಾ ಅವನು ಅದನ್ನು ಕೇಳಿ ಬಾಯಿಪಾಠ ಮಾಡುವುದು.

ಊರವರೆಲ್ಲ ಅವನನ್ನು ಶಿವರಾಮಣ್ಣ ಅನ್ನುತ್ತಿದ್ದರು. ಅವಳಿಗೆ ಮಾತ್ರ ಆ 'ಅಣ್ಣ' ಬಾಯಿಗೆ ಬಂದೇ ಇರಲಿಲ್ಲ.

ಅವನು ತಲೆ ಕೆರೆದುಕೊಳ್ಳುತ್ತಾ ಬಂದ.

"ಹಾಲಿನ ವಿಷ್ಯ ಗೊತ್ತಾಯ್ತಾ?"

"ನಿಮ್ಗೆ ಆವಾಗ್ಲೇ ಹೇಳಿದ್ದೆ, ಬೇಡದ್ದನ್ನ ಕತ್ತರಿಸಿ ಕಳಿಸ್ತೀನಿ ಅಂತ. ನೀವೇ ಬೇಡ ಅಂದ್ರಿ."

"ಕತ್ತರಿಸೋದು ನನ್ನ ಕಸುಬು ಮೇಡಂ. ಯಾವ್ದನ್ನ ಕತ್ತರಿಸಬಾರದು ಅಂತ್ಲೂ ಗೊತ್ತು."

ಅವನು ಕಣ್ಣಲ್ಲೇ ನಗುತ್ತಿದ್ದ. ಅವಳು ಸೆರಗು ಸರಿಮಾಡಿಕೊಂಡಳು. ನಾಳೆಯಿಂದ ಓದಲು ಪಾಠವಿಲ್ಲ, ಕೇಳಲು ಇವನಿಲ್ಲ. ಅವನು ಪಾಸಾಗಲಿ ಎಂದು ಹರಕೆ ಹೊತ್ತವಳಿಗೆ ಈಗ ಎದೆಯೆಲ್ಲ ಖಾಲಿ.

ಬಸ್ಸಿನ ಹಾರ್ನ್ ಕೇಳಿತು. ಅವನು ಹೊರಟವನು ತಿರುಗಿದ.

"ಒಂದು ಮಾತು. ಕುಕ್ಕರ್ ಕೂಗಿದ್ದು ಕೇಳಿದೀನಿ, ಪಾತ್ರೆ ಬಿದ್ದಿದ್ದು ಕೇಳಿದೀನಿ. ಇಷ್ಟು ದಿನದಲ್ಲಿ ನಿಮ್ಮನೇಲಿ ಇನ್ನೊಬ್ರ ದನಿ ಮಾತ್ರ ಕೇಳ್ಲಿಲ್ಲ."

ಅವನು ಓಡಿ ಹತ್ತಿದ. ಬಸ್ಸು ಹೋಯಿತು.

ಮರುದಿನ ಬೆಳಿಗ್ಗೆ ಹಾಲಿಟ್ಟು, ಅಭ್ಯಾಸಬಲದಿಂದ ಫೋನನ್ನು ಒಲೆಯ ಪಕ್ಕ ಇಟ್ಟಳು. ಅಡುಗೆಮನೆ ಬಿಕೋ ಎನ್ನುತ್ತಿತ್ತು. ಅತ್ತರೂ ಕೇಳುವವರಿಲ್ಲ ಎಂದು ಅಳು ಬಂತು.

ಫೋನ್ ಟಿಣ್ ಎಂದಿತು. ಶಿವರಾಮನ ವಾಯ್ಸ್ ಮೆಸೇಜ್.

"ಮೇಡಂ, ಫೋನ್ ಒಲೆ ಹತ್ರನೇ ಇಡಿ. ಇವತ್ತು ನಾನು ಓದ್ತೀನಿ." ಅವನು ಗಂಟಲು ಸರಿಮಾಡಿಕೊಂಡ. "ಹಾಲಿನ ಪ್ಯಾಕೆಟ್ಟು. ತಂ... ತಂಪಾದ... ಜಾ... ಜಾಗ... ಜಾಗದಲ್ಲಿ..."

ಯಾರೆದುರಿಗೂ ಬಾಯಿಬಿಟ್ಟು ಓದದ ಗಂಡಸು ಅವಳಿಗಾಗಿ ಒಂದೊಂದೇ ಅಕ್ಷರ ಹೆಕ್ಕುತ್ತಿದ್ದ. ಪ್ರತಿಮಾ ಫೋನಿಗೆ ಕಿವಿಯಿಟ್ಟು ಕೇಳಿದಳು.

"...ಇ... ಇಡಿ... ಅಯ್ಯೋ! ಹಾಲು ಉಕ್ಕಿತು!"

ಅವನ ಒಲೆಯಿಂದ ಚುರ್ರ್ ಎನ್ನುವ ಸದ್ದು. ಅಲ್ಲಿ ಯಾರೂ ಓಡಿ ಬರಲಿಲ್ಲ, ಯಾರೂ ಬೈಯಲಿಲ್ಲ. ಪಾತ್ರೆ ಇಳಿಸಿದ ಸದ್ದಾಯಿತು, ಆಮೇಲೆ ಮೌನ. ಆ ಮೌನ ಅವಳಿಗೆ ಚೆನ್ನಾಗಿ ಪರಿಚಯವಿತ್ತು.

ಅವಳು ಕಣ್ಣೊರೆಸಿಕೊಂಡು ಫೋನಿನ ಗುಂಡಿ ಒತ್ತಿ ಹಿಡಿದಳು.

"ಶಿವರಾಮ್, ಇನ್ಮೇಲೆ ಓದೋವಾಗ ಗ್ಯಾಸ್ ಸಣ್ಣ ಇಟ್ಕೊಳ್ಳಿ. ಮತ್ತೆ... ನಿಮ್ಮೂರಿಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?"