ಬೂದುಮರಿಯ ಬೋಳು ಬೆನ್ನು

"ಅಣ್ಣ, ಸಂಜೆಯೊಳಗೆ ಇವನನ್ನ ಮನೆಯಿಂದ ಆಚೆ ಹಾಕ್ಬೇಕಂತೆ. ಭಾವ ಹೇಳಿಬಿಟ್ಟಿದ್ದಾರೆ."

ಕಂಡಕ್ಟರಮ್ಮ ಡ್ಯೂಟಿ ಸಮವಸ್ತ್ರದಲ್ಲೇ ಕ್ಷೌರದಂಗಡಿಗೆ ನುಗ್ಗಿದ್ದಳು. ಕಂಕುಳಲ್ಲಿದ್ದ ಎಂಟು ತಿಂಗಳ ನಾಯಿಮರಿಯ ಮೈಯೂ ಬೂದು, ಮೂಗೂ ಬೂದು. ಬೆನ್ನು ಮಾತ್ರ ಬೋಳು. ಪಕ್ಕದಲ್ಲೇ ಪುಸ್ತಕಗಳಿಗೆ ರಟ್ಟು ಕಟ್ಟುವ ನಾನು ಅಂಟಿನ ಕೈಯಲ್ಲೇ ಎದ್ದು ಬಂದೆ. ಕತ್ತರಿಯಣ್ಣನ ಅಂಗಡಿಗೆ ಅರ್ಧ ಜನ ತಲೆ ತೋರಿಸಲು ಬಂದರೆ ಇನ್ನರ್ಧ ಜನ ತಲೆನೋವು ಹೇಳಿಕೊಳ್ಳಲು ಬರುತ್ತಿದ್ದರು.

"ಭಾವನಿಗೇನಂತೆ ಸಿಟ್ಟು?"

"ಇದು ಅಂಟು ಕಜ್ಜಿ, ಬೀದಿ ನಾಯಿಗಳಿಂದ ಹತ್ತಿದ್ದು ಅಂತ ಮರಿ ಮಾರಿದವರು ಭಾವನ ಕಿವಿ ಊದಿದ್ದಾರೆ. ಇಬ್ಬರೂ ಹಳೇ ಸ್ನೇಹಿತರು ನೋಡಿ. ಡಾಕ್ಟ್ರು ಚರ್ಮ ಕೆರೆದು ನೋಡಿ, ಹುಳ ಇಲ್ಲ, ಹುಟ್ಟಿನಿಂದ ಬಂದಿರಬಹುದು, ತಾಯಿಯನ್ನ ನೋಡ್ಬೇಕು ಅಂದ್ರು. ಆದ್ರೆ ತಾಯಿ ಕರ್ರಗೆ ಮಿಂಚ್ತಾಳೆ, ನಾನೇ ನೋಡಿದ್ದೀನಿ!"

ಕತ್ತರಿಯಣ್ಣ ಮರಿಯ ಬೆನ್ನಿನ ಬೋಳಿನ ಅಂಚಿನಿಂದ ಎರಡು ಕೂದಲು ತೆಗೆದು ಬೆಳಕಿಗೆ ಹಿಡಿದರು. "ಬುಡದಿಂದ ಬಂದಿಲ್ಲ, ನಡುವೆ ಮುರಿದಿದೆ. ಕೆರ್ಕೊಳ್ತಾನಾ?"

"ಇಲ್ಲ."

"ಮನೆಗೆ ತಂದ ದಿನ ಹೇಗಿದ್ದ?"

"ಹಣೆ, ಕಿವಿಗೆಲ್ಲ ಮಸಿ ಮೆತ್ತಿತ್ತು. ಮೊದಲ ಸ್ನಾನದ ನೀರು ಕಪ್ಪಗಾಯ್ತು. ಎಲ್ಲೋ ಒಲೆ ಹತ್ರ ಮಲಗಿದ್ದ ಅಂದ್ಕೊಂಡೆ."

ಕತ್ತರಿಯಣ್ಣ ಅಂಗಡಿಯ ಉದ್ದಕ್ಕೂ ನಡೆದರು, ತಿರುಗಿದರು, ಮತ್ತೆ ನಡೆದರು. ಅವರು ಹೀಗೆ ಚಡಪಡಿಸಿದರೆ ನನಗೂ ಕೂರಲಾಗುವುದಿಲ್ಲ. ಕೊನೆಗೆ ಡಾಕ್ಟರಿಗೂ ಭಾವನಿಗೂ ಫೋನು ಮಾಡಿ, ಎಲ್ಲರನ್ನೂ ಮರಿ ಮಾರಿದ ನಾಯಿ ಸಾಕಣೆಯವನ ಮನೆಗೆ ಬರಹೇಳಿದರು. ಮೂಕಜೀವದ ಮೇಲೆ ದೇವರ ಕಣ್ಣು ಇದ್ದೇ ಇರುತ್ತದೆ ಎಂದುಕೊಳ್ಳುತ್ತ ನಾನೂ ಹೊರಟೆ.

ಸಾಕಣೆಯವನು ಗೇಟಿನಲ್ಲೇ ಎದೆ ಸೆಟೆಸಿ ನಿಂತಿದ್ದ. "ನೋಡಿ, ಧಾರಾಳವಾಗಿ ನೋಡಿ! ನಾಳೆ ಇದೇ ಜೋಡಿಯನ್ನ ಮತ್ತೆ ಕೂಡಿಸ್ತಿದ್ದೀನಿ. ರೋಗ ಇದ್ರೆ ಕೂಡಿಸ್ತಿದ್ನಾ?"

ಹಿಂದಿನ ಜಗಲಿಯಲ್ಲಿ ಅವನ ಅಕ್ಕ ಮರಿಯ ತಾಯಿಯ ಪಕ್ಕ ಕುಳಿತಿದ್ದಳು. ಅವಳದು ಹಾಲಿನಂಥ ಬಿಳಿ ತಲೆ. ನಾಯಿಯದು ಕಡುಗಪ್ಪು ಮೈ, ಸ್ಲೇಟಿನ ಬಣ್ಣದ ಮೂಗು. ಅದರ ಬೆನ್ನಿನ ಕೂದಲು ತೆಳುವಾಗಿತ್ತು.

"ಹೆತ್ತ ಮೇಲೆ ಉದುರಿದ್ದು, ಇನ್ನೂ ಬಂದಿಲ್ಲ," ಎಂದಳು ಅಕ್ಕ, ಕೇಳುವ ಮೊದಲೇ. ನಾಯಿಯ ಬಾಲ ಒಂದೇ ಸಮನೆ ನೆಲ ಬಡಿಯುತ್ತಿತ್ತು. ಭಾವ ನಿಂತಲ್ಲಿ ನಿಲ್ಲದೆ ಗಡಿಯಾರ ನೋಡುತ್ತಿದ್ದರು.

ಕತ್ತರಿಯಣ್ಣ ಮಂಡಿಯೂರಿ ನಾಯಿಯ ಕತ್ತಿನ ಕೂದಲನ್ನು ಬೆರಳಿಂದ ಬಿಡಿಸಿ ನೋಡಿದರು. ಆಮೇಲೆ ಎದ್ದರು.

"ನಲವತ್ತು ವರ್ಷ ಜನರ ತಲೆಗೆ ಬಣ್ಣ ಹಚ್ಚಿದ್ದೀನಿ. ಬಣ್ಣ ಕೂದಲಿಗೆ ನಿಲ್ಲುತ್ತೆ, ಮೂಗಿಗೆ ನಿಲ್ಲಲ್ಲ. ನಾಯಿ ದಿನವಿಡೀ ಮೂಗು ನೆಕ್ಕುತ್ತೆ. ಕಪ್ಪು ನಾಯಿಗೆ ಕಪ್ಪು ಮೂಗೇ ಇರ್ಬೇಕು ಅಲ್ವೇ ಡಾಕ್ಟ್ರೇ?"

"ಹೌದು. ಬೂದು ಮೂಗು ಅಂದ್ರೆ ಮೈಯೂ ಬೂದು."

"ಇಲ್ಲಿ ಬಗ್ಗಿ ನೋಡಿ. ತುದಿ ಕಪ್ಪು, ಬುಡ ಬೂದು. ಮರಿಗೆ ಮೆತ್ತಿದ್ದು ಮಸಿಯಲ್ಲ, ಹಾಲು ಕುಡಿಯುವಾಗ ತಾಯಿ ಮೈಯಿಂದ ಹತ್ತಿದ ಬಣ್ಣ. ಯಾರು ಹಚ್ಚಿದ್ದು? ಅಕ್ಕನ ಉಗುರುಗಳ ಅಂಚು ಕಪ್ಪಗಿದೆ, ತಲೆ ಮಾತ್ರ ಬೆಳ್ಳಗಿದೆ. ತನಗೆ ಹಚ್ಕೊಳ್ಳದವರು ಯಾರಿಗೆ ಹಚ್ತಾರೆ?"

ಸಾಕಣೆಯವನ ಎದೆ ಇಳಿಯಿತು. "ಅಕ್ಕಾ? ಎರಡು ಹೆಣ್ಣುಗಳಲ್ಲಿ ಬೂದಿನವಳನ್ನ ಯಾರಿಗಾದ್ರೂ ಕೊಟ್ಬಿಡು, ಕರಿಯಳನ್ನ ಇಟ್ಕೋ ಅಂದಿದ್ನಲ್ಲೇ!"

"ಕರಿಯಳನ್ನ ಯಾರಾದ್ರೂ ಕಣ್ಣು ಮುಚ್ಚಿ ಒಯ್ತಾರೆ, ಅದಕ್ಕೇ ಅವಳನ್ನ ಕೊಟ್ಟು ಇವಳಿಗೆ ಬಣ್ಣ ಹಚ್ಚಿದೆ," ಅಕ್ಕ ಸೆರಗಿನಲ್ಲಿ ಕೈ ಅಡಗಿಸಿಕೊಂಡಳು. "ಈ ಬೋಳು ಬೆನ್ನಿನವಳನ್ನ ಯಾರು ಸಾಕ್ತಾರೆ? ನೀನು ಬಿಡು, ಗೇಟಿಂದಾಚೆ ನಿಂತು ನಾಯಿ ನೋಡೋನು. ಹತ್ತಿರ ಬಂದು ತಲೆ ಸವರಿದ್ದೀಯಾ ಒಂದಿನ? ಈ ದೋಷ ಮರಿಗಳಿಗೂ ಇಳಿಯುತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ."

"ತಂದೆ ನಾಯಿ ಕಪ್ಪೇ ಇದ್ರೂ ದೋಷ ಅದರೊಳಗೂ ಅಡಗಿದೆ," ಎಂದರು ಡಾಕ್ಟರು. "ಇಲ್ಲದಿದ್ರೆ ಬೂದು ಮರಿ ಹುಟ್ತಿರಲಿಲ್ಲ. ಇದು ಯಾರಿಗೂ ಅಂಟಲ್ಲ. ಮರಿಗೆ ಕೂದಲು ಬರದೇ ಇರ್ಬಹುದು. ಬಿಸಿಲಿಂದ ಕಾಪಾಡಿದ್ರೆ ನೆಮ್ಮದಿಯಾಗಿ ಬದುಕುತ್ತೆ. ಅಮ್ಮಾ, ಆ ಬಣ್ಣ ಇನ್ನು ಹಚ್ಚಬೇಡಿ, ನಾಯಿಯ ಚರ್ಮ ಸುಡುತ್ತೆ."

ಕತ್ತರಿಯಣ್ಣ ಸಾಕಣೆಯವನ ಮುಂದೆ ನಿಂತರು. "ಅಕ್ಕ ಪ್ರೀತಿಯಿಂದ ಸುಳ್ಳು ಹೇಳಿದ್ರು. ನೀವು? ಇದೇ ದೂರು ಹೇಳಿದವರಲ್ಲಿ ಈಕೆ ಎಷ್ಟನೆಯವಳು?"

ಅವನು ನೆಲ ನೋಡಿದ. "ಮೂರನೆಯವಳು."

"ಮೊದಲನೆಯವರು ಬಂದಾಗಲೇ ಒಂದು ಸಲ ಇಲ್ಲಿ ಬಗ್ಗಿದ್ದಿದ್ರೆ ನಿಮಗೂ ಕಾಣ್ತಿತ್ತು. ಫೋನು ತೆಗೀರಿ. ಮರಿ ಒಯ್ದ ಪ್ರತಿಯೊಬ್ಬರಿಗೂ ಹೇಳಿ, ಈಗಲೇ. ನಾಳೆ ಕೂಡಿಸೋದೂ ಬೇಡ, ಎಂದಿಗೂ ಬೇಡ."

ಅವನು ಮೊದಲ ನಂಬರು ಒತ್ತಿದ. ಆ ಕಡೆ ಫೋನು ರಿಂಗಾಗುತ್ತಿರುವಾಗ ಅಕ್ಕನ ಕಡೆ ತಿರುಗಿ, "ಒಳಗೆ ಕರ್ಕೊಂಡು ಹೋಗು. ಇಲ್ಲೇ ಇರ್ಲಿ ಅವಳು," ಎಂದ.

ಕಂಡಕ್ಟರಮ್ಮ ಮರಿಯನ್ನು ಅವುಚಿಕೊಂಡು ಭಾವನನ್ನೇ ನೋಡುತ್ತಿದ್ದಳು. ಅವರು ಕೆಮ್ಮಿದರು, ಕೈಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿದರು.

"ಬಿಸಿಲಿಗೆ ಬೆನ್ನ ಮೇಲೆ ಏನು ಹಾಕ್ಬೇಕು ಡಾಕ್ಟ್ರೇ?"

"ಹಳೇ ಬನಿಯನ್ ಸಾಕು."

"ನಂದೊಂದಿದೆ," ಎಂದು ಭಾವ ಎರಡೂ ಕೈ ಚಾಚಿದರು. "ಕೊಡಮ್ಮ ಇಲ್ಲಿ. ನಿನಗೆ ಬಸ್ಸಿಗೆ ಹೊತ್ತಾಗುತ್ತೆ, ನಾನು ಮನೆಗೆ ಕರ್ಕೊಂಡು ಹೋಗ್ತೀನಿ."