ಗರ್ಜಿಸದ ಕಬ್ಬಿಣದ ಹುಲಿ

ಬಹಳ ಹಿಂದೆ, ಏಳು ಗುಡ್ಡಗಳ ಆಚೆ ಅದಿರುಕೋಟೆ ಅಂತ ಒಂದು ರಾಜ್ಯವಿತ್ತು. ಗುಡ್ಡದ ತುಂಬ ಕಬ್ಬಿಣ, ಬೀದಿ ತುಂಬ ಕಮ್ಮಾರರು. ಆದರೂ ಗಡಿ ಕಾಯುವ ಹುಲಿಗಳು ಮಾತ್ರ ಹೊರಗಿನವು, ಏನು ಹೇಳೋಣ! ಕಡಲಾಚೆಯ ಮಾಂತ್ರಿಕ ಉರಿಮಲ್ಲ ಕೊಟ್ಟ ತಾಮ್ರದ ಹುಲಿಗಳು ಅವು. ವರ್ಷಕ್ಕೊಮ್ಮೆ ನಿದ್ದೆಗೆ ಬೀಳುತ್ತಿದ್ದವು. ಅವನೇ ಬಂದು ಕಿವಿಯಲ್ಲಿ ಮಂತ್ರ ಊದಿದರೆ ಮಾತ್ರ ಏಳುತ್ತಿದ್ದವು. ಊದಿದ್ದಕ್ಕೆ ಪ್ರತಿಸಲ ಒಂದು ಊರಿನ ಜನರನ್ನೇ ಜೀತಕ್ಕೆ ಕೇಳುತ್ತಿದ್ದ. ರಾಜ ಚಂದ್ರಬಾಹು ನಿಟ್ಟುಸಿರು ಬಿಟ್ಟು ಕೊಡುತ್ತಿದ್ದ.

ಈ ಸಲ ಅವನು ಮೊದಲೇ ಹೇಳಿ ಕಳಿಸಿ ಕೇಳಿದ್ದು ಕುಲುಮೆಹಳ್ಳಿ. ಅಲ್ಲಿನ ಕಮ್ಮಾರಗಿತ್ತಿ ಲಗುಮವ್ವ ತನ್ನ ತಾಯಿಯನ್ನೂ ಊರನ್ನೂ ಉಳಿಸಿಕೊಳ್ಳಲು ಕಬ್ಬಿಣದ ಹುಲಿ ಮಾಡಿದಳು. ತಿದಿಯೊತ್ತಿ ಅದಕ್ಕೆ ಉಸಿರು ತುಂಬಿ ಅರಮನೆಗೆ ನಡೆಸಿಕೊಂಡು ಬಂದಳು. ನಮ್ಮ ಹುಲಿಯೇ ಗಡಿ ಕಾದರೆ ಯಾರನ್ನೂ ಕೊಡಬೇಕಾಗಿಲ್ಲ ಅಂದಳು.

ಆ ರಾಜ್ಯದ ಪದ್ಧತಿ ನೋಡಿ: ಹೊರಗಿಂದ ಬಂದ ಹುಲಿಗೆ ಬಾಗಿಲಲ್ಲೇ ಆರತಿ, ಮನೆಯಲ್ಲಿ ಹುಟ್ಟಿದ್ದಕ್ಕೆ ಪರೀಕ್ಷೆ. ಮೊದಲು ಬೆಂಕಿ ದಾಟಿಸಿದರು. ದಾಟಿತು. ಮಳೆಗಾಲ ಬರಲಿ, ಹೊಳೆಯನ್ನೂ ದಾಟಿಸೋಣ ಅಂದರು. ಅದನ್ನೂ ದಾಟಿತು. ಕಾದು ಕಾದು ಲಗುಮವ್ವ ಸೊರಗಿ ಕಡ್ಡಿಯಾದಳು. ಆಮೇಲೆ ಮಂತ್ರಿಗೆ ಹೊಸದೊಂದು ನೆನಪಾಯಿತು. ತಾಮ್ರದ ಹುಲಿಯ ಹಾಗೆ ಗರ್ಜಿಸಲಿ ಅಂದ. ಪಾಪ, ಕಬ್ಬಿಣದ ಹುಲಿ ಬಾಯಿ ತೆರೆದು ಸುಮ್ಮನೆ ನಿಂತಿತು.

"ಗರ್ಜಿಸದ ಮೇಲೆ ಅದೆಂಥ ಹುಲಿ?" ಅಂದ ಮಂತ್ರಿ.

"ಗಡಿಯಲ್ಲಿ ಅದು ಕಚ್ಚಬೇಕೋ ಹಾಡಬೇಕೋ, ಸ್ವಾಮಿ?" ಅಂದಳು ಲಗುಮವ್ವ. ಅವಳಿಗೆ ಸಿಟ್ಟು ಮಾಡಲೂ ತ್ರಾಣ ಉಳಿದಿರಲಿಲ್ಲ. ಹುಲಿಯನ್ನು ಲಾಯದ ಹಿಂದೆ ಕಟ್ಟಿಹಾಕಿದರು. ಅವಳೂ ಅದರ ಪಕ್ಕದಲ್ಲೇ ಕೂತಳು.

ಉರಿಮಲ್ಲ ಬಂದ. ಮಂತ್ರ ಊದಿದ, ಹುಲಿಗಳು ಎದ್ದವು. ಈ ಸಲ ಊರಿನ ಜೊತೆ ಸಿಂಹಾಸನವೂ ಬೇಕು ಅಂದ. ಹಿಡಿಯಿರಿ ಇವನನ್ನು ಅಂತ ರಾಜ ಹುಲಿಗಳಿಗೆ ಅಪ್ಪಣೆ ಕೊಟ್ಟ. ಅವು ಮಾಂತ್ರಿಕನ ಕಾಲು ನೆಕ್ಕಿ ರಾಜನ ಕಡೆಗೇ ಹಲ್ಲು ಕಿರಿದವು. ರಾಜ ಎದ್ದೆನೋ ಬಿದ್ದೆನೋ ಅಂತ ಲಾಯಕ್ಕೆ ಓಡಿದ.

"ತಪ್ಪಾಯಿತು ತಾಯಿ, ನಿನ್ನ ಹುಲಿ ಬಿಡು."

ಲಗುಮವ್ವ ಹಗ್ಗ ಬಿಚ್ಚಿದಳು. ಕಬ್ಬಿಣದ ಹುಲಿ ಸದ್ದಿಲ್ಲದೆ ಹೋಗಿ ಉರಿಮಲ್ಲನ ಎದುರು ನಿಂತಿತು. ಅವನು ಮಂತ್ರದ ಮೇಲೆ ಮಂತ್ರ ಊದಿದ. ಅವನ ಮಂತ್ರ ಅದಕ್ಕೇನು ಗೊತ್ತು? ಒಂದೇ ಸಲಕ್ಕೆ ಕಚ್ಚಿತು. ಅವನು ಹೊಗೆಯಾಗಿ ಹೋದ, ತಾಮ್ರದ ಹುಲಿಗಳು ಪುಡಿಯಾದವು, ಜೀತಕ್ಕೆ ಹೋದವರೆಲ್ಲ ತಮ್ಮ ತಮ್ಮ ಊರಿನ ದಾರಿ ಹಿಡಿದರು.

ರಾಜ ಏನು ಬೇಕು ಕೇಳು ಅಂದ. ಲಗುಮವ್ವ ಏನೂ ಕೇಳದೆ ಕುಲುಮೆಹಳ್ಳಿಗೆ ನಡೆದಳು. ಅವಳ ತಾಯಿ ಪಾತ್ರೆ ಹಾಸಿಗೆಗಳನ್ನು ಗಂಟು ಕಟ್ಟಿಕೊಂಡು, ಜೀತಕ್ಕೆ ಹೊರಡಲು ಹೊಸ್ತಿಲಲ್ಲಿ ಕೂತಿದ್ದಳು.

"ಗಂಟು ಬಿಚ್ಚವ್ವ," ಅಂದಳು ಲಗುಮವ್ವ. "ಎಲ್ಲಿಗೂ ಹೋಗೋದಿಲ್ಲ."

ತಾಯಿ ಅಳುತ್ತಲೇ ಗಂಟು ಬಿಚ್ಚಿ ಹಾಸಿಗೆ ಹಾಸಿದಳು. ಅದಿರುಕೋಟೆಯವರು ಅಂದಿನಿಂದ ಸುಖವಾಗಿದ್ದರು. ಲಗುಮವ್ವ ಮಾತ್ರ ಅಂದು ದಣಿವಿಗೆ ಊಟಕ್ಕೂ ಏಳದೆ ಮಲಗಿಬಿಟ್ಟಳು.